ವಿರೂಪಾಕ್ಷಪ್ಪನವರ ಅರ್ಧ ಸುತ್ತು

ದೀಪ ಸ್ವಲ್ಪ ಸಣ್ಣದು ಮಾಡಿ... ಸಾಕು.

ಆದೆಪ್ಪ ನನ್ನ ಸೋದರತ್ತೆಯ ಮಗ. ಕತೆ ಕಟ್ಟುವ ಶಕ್ತಿ ಅವನಿಗಿರಲಿಲ್ಲ. ತನ್ನ ಮದುವೆಯ ಮಾತುಕತೆಯಲ್ಲೂ ನಿಜವನ್ನೇ ಹೇಳಿ ಎರಡು ಸಂಬಂಧ ಕಳೆದುಕೊಂಡವನು.

ನಿಜಾಮರ ಕಾಲ. ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮೊದಲಿನ ಬೇಸಿಗೆ. ಲಿಂಗಸುಗೂರಿನಲ್ಲಿ ಸರ್ವಿಸ್ ಬಸ್ಸು ತಪ್ಪಿಸಿಕೊಂಡು, ಅರ್ಧ ದಾರಿ ಎತ್ತಿನ ಗಾಡಿಯಲ್ಲಿ, ಅರ್ಧ ದಾರಿ ಕಾಲ್ನಡಿಗೆಯಲ್ಲಿ ಬಂದ ಆದೆಪ್ಪ ಮಸ್ಕಿಯ ಹೊರಗಿನ ಒಣಕೆರೆ ಮುಟ್ಟಿದಾಗ ನಡುರಾತ್ರಿ. ದಂಡೆಯ ಮೇಲೆ ಆಲದ ಮರ. ಗಾಳಿ ಇಲ್ಲ, ಎಲೆ ಅಲುಗುತ್ತಿಲ್ಲ. ಕೆರೆಯ ಅಂಗಳದಲ್ಲಿ ಸದ್ದು.

ಗುಡ್... ಗುಡ್... ಗುಡ್... ಠುಸ್.

ಮೂರು ಸಿಲಿಂಡರ್ ಸರಿಯಾಗಿ ಹೊಡೆದು ನಾಲ್ಕನೆಯದು ಹುಸಿಹೋಗುವ ಮೋಟಾರು ಆ ಸೀಮೆಗೆಲ್ಲ ಒಂದೇ ಇತ್ತು. ಅದರ ಡ್ರೈವರು, ಮಿಸ್ತ್ರಿ ಎರಡೂ ಆದೆಪ್ಪನೇ. ಅದರ ಮಾಲಕ ವಿರೂಪಾಕ್ಷಪ್ಪನವರು ತೀರಿಕೊಂಡು ಇಪ್ಪತ್ತು ದಿನವಾಗಿತ್ತು.

ಆದೆಪ್ಪ ಓಡಲಿಲ್ಲ. ಓಡಿದರೆ ಬೆನ್ನು ಹತ್ತುತ್ತದೆಂಬುದು ಅವನ ಅಭಿಪ್ರಾಯ. ನಡೆದೇ ಹೋಗಿ ಯಜಮಾನರ ವಾಡೆ ಮುಟ್ಟಿದ. ಕೊಟ್ಟಿಗೆಯಲ್ಲಿ ಮೋಟಾರು ನಿಂತಿತ್ತು. ಮೇಲೆ ಹೊದಿಸಿದ ತಾಡಪತ್ರಿ ಹೊದಿಸಿದಂತೆಯೇ ಇತ್ತು. ಒಳಗೆ ಕೈ ತೂರಿಸಿ ಬಾನೆಟ್ಟು ಮುಟ್ಟಿದ...

ಬಿಸಿ. ರೊಟ್ಟಿ ಹಂಚಿನಷ್ಟು.

ಹಿಂದಿನದು ಹೇಳದಿದ್ದರೆ ಇದು ತಿಳಿಯುವುದಿಲ್ಲ. ಲಿಂಗಸುಗೂರಿನಲ್ಲಿ ಆಗ ಒಂದು ಮೋಟಾರ್ ಕ್ಲಬ್ ಇತ್ತು. ಮೂರು ಸದಸ್ಯರು, ಎರಡು ಮೋಟಾರು, ಒಂದು ರಬ್ಬರ್ ಸ್ಟಾಂಪು. ಮೋಟಾರು ಇದ್ದವರು ಮಸ್ಕಿಯ ವಿರೂಪಾಕ್ಷಪ್ಪ ಮತ್ತು ಸಿಂಧನೂರಿನ ಚಾಂದ್‌ಪಾಷಾ. ಮೋಟಾರಿಲ್ಲದವರು ವಕೀಲ ಗೋಪಣ್ಣ; ಆದ್ದರಿಂದ ಅವರೇ ಅಧ್ಯಕ್ಷರು. ಆ ಬೇಸಿಗೆ ಕ್ಲಬ್ಬಿನವರು ಕೆರೆಯ ಅಂಗಳದಲ್ಲಿ ಪಂದ್ಯ ಇಟ್ಟರು. ಏಳು ಸುತ್ತು. ಆಲದ ಮರವೇ ಗುರಿ. ಎಣಿಸುವವರು ಅಧ್ಯಕ್ಷರು: ಸುತ್ತಿಗೊಂದು ಹರಳು, ಎಡ ಜೇಬಿನಿಂದ ಬಲ ಜೇಬಿಗೆ.

ಐದನೆಯ ಸುತ್ತಿನಲ್ಲಿ ಚಾಂದ್‌ಪಾಷಾರ ಮೋಟಾರಿನ ನೀರು ಕುದಿದು ನಿಂತಿತು. ಆದೆಪ್ಪ ಅದಕ್ಕೆ ನೀರು ಹೊಯ್ಯಲು ಹೋದ. ವಿರೂಪಾಕ್ಷಪ್ಪ ಒಬ್ಬರೇ ಓಡುತ್ತಿದ್ದರು. ಮರದ ಹತ್ತಿರ ಬಂದು ನಿಧಾನಿಸಿ, ಎಷ್ಟಾಯಿತೆಂದು ಕೈಯೆತ್ತಿ ಕೇಳಿದರು. ವಕೀಲರು "ಇನ್ನ ಒಂದೈತಿ, ನಡೀರಿ" ಎಂದರು. ಆ ಸುತ್ತಿನ ಅರ್ಧಕ್ಕೆ, ಆಚೆ ದಂಡೆಯ ಬಂಡೆಗೆ ಮೋಟಾರು ಬಡಿಯಿತು. ಮೋಟಾರಿಗೆ ಹೆಚ್ಚೇನೂ ಆಗಲಿಲ್ಲ. ಸ್ಟೇರಿಂಗ್ ಎದೆಗೆ ಹೊಡೆದಿತ್ತು.

ಮೂರನೆಯ ದಿನ ಸಮಾಧಿಯ ಮುಂದೆ ಎಡೆ ಇಟ್ಟರು. ಶೇಂಗಾ ಹೋಳಿಗೆ, ತುಪ್ಪ, ಒಂದು ಪ್ಯಾಕು ಸಿಗರೇಟು. ಕಾಗೆ ಬಂದು ಗಿಡದ ಮೇಲೆ ಕೂತಿತು. ಇಳಿಯಲಿಲ್ಲ. ಸತ್ತವರ ಆಸೆ ಏನೋ ಉಳಿದಿದೆ, ಅದನ್ನು ತೀರಿಸುತ್ತೇವೆಂದು ಮಾತು ಕೊಡುವ ತನಕ ಕಾಗೆ ಮುಟ್ಟುವುದಿಲ್ಲ. ಹೆಂಡತಿ ಅಮರಮ್ಮ, "ಹೆಣ್ಣುಮಕ್ಕಳನ್ನ ದಡ ಮುಟ್ಟಸ್ತೀನಿ" ಎಂದಳು. ಕಾಗೆ ಕೂತೇ ಇತ್ತು. ತಮ್ಮ ನರಸಣ್ಣ, "ಹೊಲ ಪಾಲು ಕೇಳಂಗಿಲ್ಲ" ಎಂದ. ಕಾಗೆ ಮುಖ ತಿರುಗಿಸಿತು; ಅದೂ ಅದೇ ಊರಿನದು. ಬಿಸಿಲು ಏರಿತು. ಕೊನೆಗೆ ವಕೀಲರು ಮುಂದೆ ಬಂದು ಕರಿ ಟೊಪ್ಪಿಗೆ ತೆಗೆದರು.

"ವಿರೂಪಾಕ್ಷಪ್ಪ, ಏಳನೇ ಸುತ್ತು ಅರ್ಧಾ ಉಳದೈತಿ. ಅದನ್ನ ಕ್ಲಬ್ ಮುಗಿಸ್ತೈತಿ."

ಮಾತು ಮುಗಿಯುವ ಮೊದಲೇ ಕಾಗೆ ಹೋಳಿಗೆಯ ಮೇಲಿತ್ತು.

ಕ್ಲಬ್ಬು ಠರಾವು ಮಾಡಿ, ಸ್ಟಾಂಪು ಒತ್ತಿ, ಮರೆತುಬಿಟ್ಟಿತು. ಈಗ ಆದೆಪ್ಪ ಬಾನೆಟ್ಟಿನ ಸಂಗತಿ ತಂದಾಗ ವಕೀಲರು, "ಕಾಗಿ ವಾಯಿದಾ ಏನೂ ಹಾಕಿಲ್ಲಲೇ" ಎಂದರು.

ಚಾಂದ್‌ಪಾಷಾ ನೆಲ ನೋಡುತ್ತ ಮೆಲ್ಲಗೆ ಹೇಳಿದರು. "ವಕೀಲ್ ಸಾಬ್, ಆ ಸದ್ದು ನಮ್ಮ ಮನಿ ಮುಂದನೂ ಬಂದಿತ್ರಿ. ಮೂರು ರಾತ್ರಿ ಆತು. ಬಂದು ನಿಂದರ್ತೈತಿ... ಹೋಗ್ತೈತಿ."

ಸುತ್ತು ಮುಗಿಸಲೇಬೇಕು. ಓಡಿಸುವವರು ಯಾರು? ಚಾಂದ್‌ಪಾಷಾರಿಗೆ ಆ ಕ್ಷಣದಿಂದ ಭುಜ ನೋಯತೊಡಗಿತು. ವಕೀಲರಿಗೆ ಓಡಿಸಲು ಬಾರದು. ಆದೆಪ್ಪ ಸದಸ್ಯನೇ ಅಲ್ಲ. ಅಂದು ಸಂಜೆಯೇ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡರು.

ಅವನ ಹೆಂಡತಿ ಕನಕಮ್ಮನಿಗೆ ಆರು ತಿಂಗಳು. ಆಕೆ ಕೇಳಿದ್ದು ಇಷ್ಟೇ. "ಸತ್ತೋರ ಸೀಟಿನ್ಯಾಗ ಕುಂತರ ಏಳಾಕ ಬಿಡ್ತಾರನು?"

"ಅರ್ಧಾ ಸುತ್ತು ಅಷ್ಟ."

"ಅವರೂ ಅರ್ಧಾ ಸುತ್ತಿನ್ಯಾಗ ಹೋದರಲ್ಲ."



ಅಪಘಾತವಾದ ಮೇಲೆ ಪೊಲೀಸ್ ಅಮೀನರು ಕೆರೆಯಲ್ಲಿ ಮೋಟಾರು ಓಡಿಸಬಾರದೆಂದು ಹುಕುಂ ಹಾಕಿದ್ದರು. ಹಾಗಾಗಿ ರಾತ್ರಿಯೇ ಹೋಗಬೇಕಾಯಿತು, ಬೆಳದಿಂಗಳಲ್ಲಿ, ಲೈಟಿಲ್ಲದೆ. ವಕೀಲರು ಮತ್ತು ಚಾಂದ್‌ಪಾಷಾ ಕಂದೀಲು ಹಿಡಿದು ಆಲದ ಕೆಳಗೆ ನಿಂತರು. ಆದೆಪ್ಪ ಆಚೆ ದಂಡೆಯ ಬಂಡೆಯ ಹತ್ತಿರ ಮೋಟಾರು ಇಟ್ಟುಕೊಂಡು ಹ್ಯಾಂಡಲ್ ಹೊಡೆದ. ಎಂಟು ಸಲ ತಿರುಗಿಸದೆ ಎಂದೂ ಮಾತಾಡದ ಎಂಜಿನ್ನು ಒಂದೇ ಸಲಕ್ಕೆ ಹಿಡಿಯಿತು.

ಗುಡ್ ಗುಡ್ ಗುಡ್ ಗುಡ್. ನಾಲ್ಕೂ ಸಿಲಿಂಡರ್.

ಆದೆಪ್ಪನಿಗೆ ಹೆದರಿಕೆಯಾದದ್ದು ಅಲ್ಲಿ. ಅವನು ಅದನ್ನು ಸರಿ ಮಾಡಿರಲಿಲ್ಲ.

ಅರ್ಧ ಸುತ್ತು ಸುಖವಾಗಿ ಬಂತು. ಆಲದ ಮರ ಬಂತು. ಆದೆಪ್ಪ ಬ್ರೇಕು ಒತ್ತಿದ. ಪೆಡಲು ನೆಲ ಮುಟ್ಟಿತು. ಮೋಟಾರು ತಾನಾಗಿಯೇ ನಿಧಾನಿಸಿತು, ಏನೋ ಕೇಳಿಸಿಕೊಳ್ಳುವವರಂತೆ... ನಿಲ್ಲಲಿಲ್ಲ.

"ನಿಂದ್ರವಲ್ದು ರೀ," ಎಂದ ಆದೆಪ್ಪ, ಗಂಟಲೊಳಗೇ.

"ಏಳು ಆತು!" ಎಂದರು ವಕೀಲರು. "ವಿರೂಪಾಕ್ಷಪ್ಪ, ಈಗ ಏಳು ಮುಗೀತು. ಇಳೀರಿ."

ಮೋಟಾರು ಜೋರಾಯಿತು. ಬಂಡೆಯ ಕಡೆ ತಿರುಗಿತು. ಸ್ಟೇರಿಂಗ್ ಆದೆಪ್ಪನ ಕೈಯಲ್ಲಿತ್ತು, ಆದರೆ ತಿರುಗುತ್ತಿದ್ದುದು ಬೇರೆ ಯಾರದೋ ಬಲದಲ್ಲಿ. ಬಂಡೆಗೂ ಮೋಟಾರಿಗೂ ಒಂದು ಆಳುದ್ದ ಅಂತರ. ಮತ್ತೆ ಮರ, ಮತ್ತೆ ನಿಧಾನ. ವಕೀಲರು ಮತ್ತೆ ಏಳೆಂದರು. ಮತ್ತೆ ಬಂಡೆ. ಈಗ ಒಂದು ಗೇಣು. ಮೂರನೆಯ ಸಲ ಮಡ್‌ಗಾರ್ಡು ಕಲ್ಲಿಗೆ ತಾಗಿ ಸರ್‍ರ್... ಎಂದದ್ದು ಮರದ ಕೆಳಗೂ ಕೇಳಿಸಿತು.

ಚಾಂದ್‌ಪಾಷಾ ವಕೀಲರ ಕೋಟು ಹಿಡಿದರು. "ಅವರು ಲೆಕ್ಕ ಕೇಳಾಕತ್ತಾರ. ಅವತ್ತು ಖರೇ ಎಷ್ಟಾಗಿತ್ತು?"

ವಕೀಲರು ಕೋಟು ಬಿಡಿಸಿಕೊಳ್ಳಲು ನೋಡಿದರು.

"ಹುಡುಗನ ಹೆಂಡ್ತಿ ಬಸುರಿ ಅದಾಳ, ಗೋಪಣ್ಣ. ಈ ಸಲ ಬಂಡಿಗಿ ಬಡೀತೈತಿ. ಹೇಳು."

ಮೋಟಾರು ಮರದ ಮುಂದೆ ಬಂತು. ನಿಧಾನಿಸಿತು. ವಕೀಲರ ಧ್ವನಿ ಎಷ್ಟು ಸಣ್ಣಗಿತ್ತೆಂದರೆ, ಎಂಜಿನ್ನಿನ ಸದ್ದಿನಲ್ಲಿ ಅದು ಕೇಳಿಸಬಾರದಿತ್ತು.

"ಅವತ್ತ... ಏಳು ಮುಗಿದಿದ್ವು. ಚಾ ಕುಡಿಯೂದ್ರಾಗ ಒಂದು ಹರಳು ಹಾಕೂದು ಮರತೆ. ರಾತ್ರಿ ನೆನಪಾತು. ಎಂಟನೇದಕ್ಕ ಕಳಿಸಿದವ ನಾನ. ನಿಂದ ಅರ್ಧಾ ಉಳದೇ ಇಲ್ಲ, ವಿರೂಪಾಕ್ಷಪ್ಪ."

ಎಂಜಿನ್ನು ನಿಂತಿತು.

ಅಷ್ಟು ಮೌನವನ್ನು ಆದೆಪ್ಪ ಮತ್ತೆಂದೂ ಕೇಳಲಿಲ್ಲವಂತೆ. ಆಮೇಲೆ ಎಡಗಡೆಯ ಬಾಗಿಲು ತೆರೆಯಿತು. ಮುಚ್ಚಿತು. ಭಾರ ಇಳಿದ ಸ್ಪ್ರಿಂಗು ಕಿರ್‍ರ್ ಎಂದು ಮೇಲೆದ್ದಿತು. ಒಣಗಿದ ಕೆಸರಿನ ಹೆಂಟೆ ಒಂದೊಂದಾಗಿ ಒಡೆಯುವ ಸದ್ದು... ಪುಡ್... ಪುಡ್... ದಂಡೆ ಹತ್ತಿ ಊರಿನ ಕಡೆ ಹೋಯಿತು.

ಆದೆಪ್ಪ ಇಳಿದು ನೆಲದ ಮೇಲೆ ಕೂತ. ಎದ್ದು ಬಂದಿದ್ದೇನೆಂದು ನಂಬಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಮೋಟಾರು ಮತ್ತೆ ಚಾಲೂ ಆಗಲಿಲ್ಲ. ಅಧ್ಯಕ್ಷರು ಸೇರಿ ಇಡೀ ಕ್ಲಬ್ಬು ಅದನ್ನು ನೂಕಿಕೊಂಡು ವಾಡೆ ಮುಟ್ಟುವಾಗ ಬೆಳ್ಳಿ ಮೂಡಿತ್ತು. ಅಮರಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಅಂಗಳದ ಮೂಲೆಯ ಬಚ್ಚಲೊಲೆಯಲ್ಲಿ ಇನ್ನೂ ಕೆಂಡವಿತ್ತು.

"ಸದ್ದು ಮಾಡಬ್ಯಾಡ್ರಿ," ಎಂದಳು ಪಿಸುದನಿಯಲ್ಲಿ. "ಈಗ ಬಂದಾರ. ಜಳಕ ಮಾಡಿ ಮಲಗ್ಯಾರ."

ಯಾರೂ ಒಳಗೆ ಇಣುಕಲಿಲ್ಲ. ವಕೀಲರು ಕೇಳಿದರು. "ಏನಾರ... ಅಂದರೇನ್ರಿ ತಾಯಿ?"

"ಗೆದ್ದೆ, ಅಂದರು."

ಇದು ನಡೆದದ್ದು. ಬಚ್ಚಲ ಕಲ್ಲಿನ ಮೇಲೆ ಕೆರೆಯ ಕರಿ ಮಣ್ಣು ಕದಡಿ ನಿಂತಿತ್ತು. ಪಕ್ಕದಲ್ಲಿ ಒದ್ದೆ ಪಂಚೆ ಬಿದ್ದಿತ್ತು. ಅದನ್ನು ಹಿಂಡಿ ಹಗ್ಗದ ಮೇಲೆ ಹಾಕಿದವನು ಆದೆಪ್ಪನೇ.