ಸುಚಿತಾ ಬಂದರೆ ಕವಳ ಒಳಗೆ

ಹೊನ್ನಾವರ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಕುಮಟೆ ಬಸ್ಸು ಬರುವ ಲಕ್ಷಣವೇ ಇರಲಿಲ್ಲ. ಪಕ್ಕದಲ್ಲಿ ಮೀನು ಮಾರಿ ಬಂದ ಹೆಂಗಸೊಬ್ಬಳು ಖಾಲಿ ಬುಟ್ಟಿ ಇಟ್ಟುಕೊಂಡು, ಎಲೆಯಡಿಕೆ ಕವಳದ ಸಂಚಿಗೆ ಕೈ ಹಾಕಿದ್ದಳು. ಅಷ್ಟರಲ್ಲಿ ಒಬ್ಬ ಹುಡುಗಿ “ಚಿಕ್ಕೀ” ಎನ್ನುತ್ತ ಬಂದು ಅವಳಿಗೆ ಅಂಟಿಕೊಂಡೇ ಕೂತಳು. ಸಂಚಿಯೊಳಗಿನ ಕೈ ಹಾಗೇ ಹೊರಗೆ ಬಂತು.

“ಸುಚಿತಾ! ಯುನಿವರ್ಸಿಟಿ ಓದು ಮುಗ್ಸಿ ಕೆಲಸಕ್ಕೆ ಸೇರಿದ್ಯಂತೆ?”

“ಹೌದು ಚಿಕ್ಕಿ. ನಮ್ಮೂರು ಮಾವಿನಕುರ್ವೆಯನ್ನೇ ಕೊಟ್ಟಿದ್ದಾರೆ.”

“ಸೂಜಿಯೂ ಹಾಕ್ತೀಯಾ?”

“ಇಲ್ಲ. ಕಾಯಿಲೆ ಬರದ ಹಾಂಗೆ ಜನರಿಗೆ ತಿಳಿಸಿ ಹೇಳುದು. ನನ್ನ ಸಂಗಡ ಓದಿದವರು ಆಸ್ಪತ್ರೆ, ಶಾಲೆ, ಫ್ಯಾಕ್ಟರಿಲೆಲ್ಲ ಇದ್ದಾರೆ. ನಾನೇ ಊರು ಬೇಕು ಅಂತ ಕೇಳಿ ಬಂದದ್ದು.”

“ಒಳ್ಳೇದಾತು. ಮತ್ತೆ ಮುಖ ಎಂತಕೆ ಹೀಂಗೆ?”

“ನಾ ಯಾರ ಮನೆ ಅಂಗಳಕ್ಕೆ ಕಾಲಿಟ್ರೂ ಕವಳದ ಬಟ್ಟಲು ಒಳಗೆ ಹೋಗ್ತದೆ. ಅದರ ಹಿಂದೆ ಮಾತೂ ಹೋಗ್ತದೆ.”

“ಕವಳಕ್ಕೆ ತಂಬಾಕು ಹಾಕಬೇಡಿ ಅಂತ ನೀನೇ ಹೇಳುದಂತಲ್ವೇ?”

“ಹೌದು. ಆದ್ರೆ ಕೂತ್ಕೋ ಅಂತಲೂ ಯಾರೂ ಹೇಳುದಿಲ್ಲ ಈಗ. ಮೊದ್ಲೆಲ್ಲ ನಿಮ್ಮನೇಲೇ ಉಂಡು ಮಲಗ್ತಿದ್ದೆ.”

ಚಿಕ್ಕಿಯ ಕೈ ಮತ್ತೆ ಸಂಚಿಗೆ ಹೋಯಿತು, ಮತ್ತೆ ಬರಿದೇ ಬಂತು.

“ಹಾಕು ಚಿಕ್ಕಿ. ಇವತ್ತು ರಜೆ. ನಾ ಎಂತದೂ ಹೇಳುದಿಲ್ಲ.”

“ಬೇಡ ಮಗಾ. ನಿನ್ನೆದುರು ಆಗುದಿಲ್ಲ.”

ಬುಟ್ಟಿ ಎತ್ತಿಕೊಂಡು ಅವಳು ದೂರದ ಕಂಬದ ಆಚೆ ಹೋಗಿ ಕೂತಳು.

ಖಾಲಿಯಾದ ಜಾಗದಲ್ಲಿ ಕೂರಲು ಯಾರೋ ಬಂದರು. ಹುಡುಗಿ ಅಲ್ಲಿ ತನ್ನ ಬ್ಯಾಗು ಇಟ್ಟಳು.

“ಇಲ್ಲಿ ಜನ ಇದ್ದಾರೆ” ಅಂದಳು.