ರೊಟ್ಟಿ ಉರುಳಿಸುವ ದಿನ

ಪ್ಲೋವ್ದಿವ್‌ನ ಮಕ್ಕಳ ದವಾಖಾನೆ. ಲಸಿಕೆಗೆ ಬಂದ ಮೊಮ್ಮಗಳು ನನ್ನ ಮಡಿಲಲ್ಲೇ ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಒಂದೇ ಕಟ್ಟಡದಲ್ಲಿ ವಾಸಿಸುವ ಇಬ್ಬರು ತಾಯಂದಿರು. ನೆವೆನಾಳ ಮಗ ಓಡಾಡುತ್ತಿದ್ದ, ಝ್ಲಾತಿನಾಳ ಮಗಳು ಅಂಬೆಗಾಲಿಡುತ್ತಿದ್ದಳು. ನಮ್ಮಲ್ಲಿ ಮಗು ನಡೆಯಲು ಶುರು ಮಾಡಿದಾಗ ದುಂಡನೆ ರೊಟ್ಟಿ ಉರುಳಿಸಿ, ಅದರ ಹಿಂದೆ ಮಗುವನ್ನು ಬೇರೆ ಬೇರೆ ಕಸುಬಿನ ವಸ್ತುಗಳಿಟ್ಟ ಮೇಜಿನತ್ತ ನಡೆಯಲು ಬಿಡುತ್ತಾರೆ.

"ನಿನ್ನ ರಾಲಿತ್ಸಾ ಇನ್ನೂ ನಡೆಯಲ್ವೇನೇ?" ಎಂದಳು ನೆವೆನಾ. "ನಮ್ಮ ಬೊಯಾನ್ ಹತ್ತೇ ತಿಂಗಳಿಗೆ ರೊಟ್ಟಿ ಹಿಂದೆ ನಡೆದು, ಮೇಜಿನ ಮೇಲಿಂದ ಪೆನ್ನು ಎತ್ಕೊಂಡ. ಮುಟ್ಟಿದ್ದೇ ಮುಂದಿನ ಕಸುಬು ಅಂತಾರೆ. ಮೇಷ್ಟ್ರೇ ಆಗೋದು ಅವನು."

"ನಾನೂ ಅಲ್ಲೇ ಇದ್ದೆನಲ್ಲ," ಎಂದಳು ಝ್ಲಾತಿನಾ. "ಕಂಕುಳಿಗೆ ಕೈ ಕೊಟ್ಟು ನಡೆಸಿದ್ದು ನಿಮ್ಮತ್ತೆ."

"ಒಂಚೂರು ಆಸರೆ ಕೊಟ್ರು, ಅಷ್ಟೇ."

"ಅವನು ಹಿಡಿದಿದ್ದು ಬಾಚಣಿಗೆ. ಅದನ್ನ ಕಿತ್ಕೊಂಡು ಪೆನ್ನು ತುರುಕಿದ್ದು ನೀನು."

"ಇನ್ನೇನು, ನನ್ನ ಮಗ ಊರವರ ಕೂದಲು ಕತ್ತರಿಸ್ಬೇಕಾ?"

"ಕತ್ತರಿಸಿದ್ರೆ ಏನೀಗ? ಮೊದಲು ನನ್ನ ತಲೆನೇ ಕೊಡ್ತೀನಿ."

ನೆವೆನಾ ದನಿ ತಗ್ಗಿಸಿದಳು. "ನಿಮ್ಮತ್ತೆ ಸುಮ್ನಿದ್ದಾರಾ?"

"ಎಲ್ಲಿ ಸುಮ್ನಿರ್ತಾರೆ? ಉರುಳಿಸೋಣ ಅಂತ ಪ್ರತಿ ಭಾನುವಾರ ರೊಟ್ಟಿ ಸುಡ್ತಾರೆ. ನಾನು ಜೇನು ಹಚ್ಕೊಂಡು ತಿಂದು ಮುಗಿಸ್ತೀನಿ. ಮಗಳು ತಾನಾಗಿ ನಡೆದ ದಿನ ಉರುಳಿಸೋದು, ಅದಕ್ಕೆ ಮುಂಚೆ ಇಲ್ಲ."

"ಇನ್ನೂ ನಡೀತಿಲ್ಲ ಅಂತ ನಿಂಗೆ ಭಯ ಆಗಲ್ವೇನೇ?"

"ಆಗುತ್ತೆ ಕಣೇ. ನಿದ್ದೆನೇ ಬರಲ್ಲ. ಆದ್ರೆ ಆ ಭಯ ನಂದು. ಅದನ್ನ ಅವಳ ತಲೆಗೆ ಕಟ್ಟಲ್ಲ."

ನರ್ಸು ಬೊಯಾನ್‌ನ ಹೆಸರು ಕೂಗಿದಳು. ನೆವೆನಾ ಅವನನ್ನು ಎತ್ತಿಕೊಂಡು ಬಾಗಿಲವರೆಗೆ ಹೋಗಿ ನಿಂತಳು.

"ನಿಮ್ಮನೇಲಿ ರೊಟ್ಟಿ ಉರುಳಿಸೋ ದಿನ ನನ್ನ ಕರೀತೀಯಾ?"

"ಕರೀತೀನಿ. ಬರುವಾಗ ಆ ಬಾಚಣಿಗೆ ತಗೊಂಡು ಬಾ."