ಹಲಗೆಗೆ ಬಿಗಿದ ಗಾಲಿ

ಹುಬ್ಬಳ್ಳಿಯ ಮಕಬೂಲಸಾಬರ ಅಂಗಡಿಯಲ್ಲಿ ನನ್ನ ಸ್ಟೋವಿನ ರಿಪೇರಿಗಾಗಿ ಕಾಯುತ್ತ ಕುಳಿತಿದ್ದೆ. ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿದ್ದ ಹೆಣ್ಣುಮಗಳೊಬ್ಬಳು ಕಾಫಿಬೀಜ ಬೀಸುವ ಯಂತ್ರ ಕೇಳಿದಳು. ಸಾಬರು ತೊಡೆಗಳ ನಡುವೆ ಹಿಡಿಯುವ ಸಣ್ಣ ಪೆಟ್ಟಿಗೆ ತೋರಿಸಿದರು.

“ಇದು ಹಗುರ ಐತಿ, ಈರವ್ವಾ. ನಿನಗ ಇದ ಛಲೋ.”

“ಇದು ಮನಿಗೆ ಸಾಕರಿ. ನಾ ಕಾಫಿ ಅಂಗಡಿ ಇಡಾಕತ್ತೇನಿ. ಆ ಗಾಲಿ ಇದ್ದದ್ದು ತೋರಸ್ರಿ.”

“ಅದಕ್ಕ ಎರಡೂ ಕೈ ಬೇಕ ಯವ್ವಾ. ಒಂದು ತಿರುವಾಕ, ಒಂದು ಅದುಮಿ ಹಿಡಿಯಾಕ.”

“ಹಲಗಿಗೆ ಬಿಗಿದು ಕೊಡ್ರಿ. ಕಾಲು ಎರಡೂ ಅದಾವಲ್ಲ.”

ಸಾಬರು ಬಿಗಿದು, ಬೀಸಿ ನೋಡಲು ಒಂದು ಹಿಡಿ ಬೀಜವನ್ನೂ ಕೊಟ್ಟರು. ಅವಳು ಬೀಸುವ ಕಲ್ಲಿನ ಮುಂದೆ ಕೂಡುವಂತೆ ನೆಲದ ಮೇಲೆ ಕುಳಿತು, ಹಲಗೆಯನ್ನು ಪಾದಗಳಿಂದ ಒತ್ತಿ ಹಿಡಿದಳು. ಆ ಬಲ ಅಂಗೈಯಿಂದ ಬೀಜ ನೂಕುತ್ತ ಎಡಗೈಯಿಂದ ಗಾಲಿ ತಿರುವಿದಳು. ಸಾಬರು ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು.

“ಖರೇ ಹೇಳ್ತೇನಿ, ನನ್ನ ಕೈಲೆ ಇಷ್ಟು ಸಮ ಬೀಳಂಗಿಲ್ಲ. ಅಂಗಡಿ ಎಲ್ಲೆ?”

“ಹತ್ತಿ ಬಿಡಸೋ ಜಿನ್ನಿನ ಫ್ಯಾಕ್ಟರಿ ಗೇಟಿನ ಎದುರಿಗೆ. ಬೆರಳು ತಿಂದದ್ದು ಅವರ ಮಶೀನು. ಕೈ ಇಲ್ಲದಾಕಿಗೆ ಕೆಲಸ ಇಲ್ಲ ಅಂದಾವ ಅವರ ಸಾವಕಾರ. ದಿನಾ ಈ ಸಪ್ಪಳ ಕೇಳ್ಲಿ.”

“ಆ ಸಾವಕಾರ ತಾನ ಕಾಫಿ ಕುಡ್ಯಾಕ ಬಂದ್ರ?”

“ಕುಡೀಲಿ. ಹಮಾಲರ ಹಿಂದ ಪಾಳಿ ಹಚ್ಚಿ ಕುಡೀಲಿ.”

ಸಾಬರು ನಕ್ಕರು. ಯಂತ್ರವನ್ನು ತಾವೇ ಎತ್ತಿ ಅವಳ ತಲೆಯ ಸಿಂಬಿಯ ಮೇಲಿಟ್ಟರು.

“ಭಾಳ ವಜ್ಜಾ ಐತಿ. ಅಲ್ಲೆ ಇಳಸಾವ್ರು ಯಾರು?”

“ಜಿನ್ನಿನ ಹೆಣ್ಮಕ್ಕಳು ಊಟದ ಸುಟ್ಟ್ಯಾಗ ಉಣ್ಣೂದು ಬಿಟ್ಟು ನನ್ನ ಹಾದಿ ಕಾಯ್ಕೊಂತ ಗೇಟಿನ್ಯಾಗ ನಿಂತಾರ್ರಿ.”

ಎಡಗೈಯಿಂದ ಗಾಲಿಯನ್ನು ಹಿಡಿದುಕೊಂಡು ಅವಳು ಜಿನ್ನಿನ ಕಡೆಗೆ ನಡೆದಳು.